ರೋಜಾದ ಬಾಯಾರಿಕೆ, ಕೊಳದ ನೀರು

1934ನೇ ಇಸವಿ. ಅಂಬೇಡ್ಕರ್ ಅವರು ಚಳವಳಿಯ ಸಂಗಾತಿಗಳ ಜೊತೆ ವೇರೂಳದ ಬೌದ್ಧ ಗುಹೆಗಳನ್ನು ನೋಡಲು ಹೊರಟಿದ್ದರು. ಸುಮಾರು ಮೂವತ್ತು ಜನ. ದಾರಿಯಲ್ಲಿ ದೌಲತಾಬಾದಿನ ಕೋಟೆ ಸಿಗುತ್ತದೆ. ಆಗ ಅದು ಹೈದರಾಬಾದ್ ನಿಜಾಮರ ಸಂಸ್ಥಾನದ ನೆಲ. ನಮ್ಮ ಬೀದರ, ಗುಲಬರ್ಗಾ, ರಾಯಚೂರುಗಳೂ ಅದೇ ಸಂಸ್ಥಾನದಲ್ಲಿದ್ದವು. ಎಲ್ಲರ ಮೈಮೇಲೂ ದಾರಿಯ ಧೂಳು. ಕೋಟೆ ಬಾಗಿಲ ಹೊರಗೆ ಒಂದು ಸಣ್ಣ ಕೊಳ, ಅಂಚಿನವರೆಗೂ ನೀರು. ಕೆಲವರು ಹೋಗಿ ಮುಖ, ಕಾಲು ತೊಳೆದುಕೊಂಡು ಬಂದರು. ಅಷ್ಟರಲ್ಲಿ ಬಿಳಿ ಗಡ್ಡದ ಒಬ್ಬ ಮುಸ್ಲಿಂ ಮುದುಕ ಹಿಂದಿನಿಂದ ಕೂಗುತ್ತಾ ಬಂದ. ಧೇಡರು ಕೊಳವನ್ನು ಮೈಲಿಗೆ ಮಾಡಿದರು ಅನ್ನೋದು ಅವನ ಕೂಗು. ಧೇಡ್ ಅಂದರೆ ಆ ಸೀಮೆಯಲ್ಲಿ ನಮ್ಮಂಥವರನ್ನು ಕರೆಯುತ್ತಿದ್ದ ಹೆಸರು. ಜನ ಸೇರಿತು, ಬೈಗುಳ ಸುರಿಯಿತು. ಅಂಬೇಡ್ಕರ್ ಸಿಟ್ಟಿಗೆದ್ದು, ನಿಮ್ಮ ಧರ್ಮ ಕಲಿಸಿದ್ದು ಇದನ್ನೇ ಏನು, ಅಸ್ಪೃಶ್ಯನೊಬ್ಬ ನಾಳೆ ಮುಸಲ್ಮಾನನಾದರೆ ಆಗಲೂ ಈ ನೀರಿಗೆ ಅಡ್ಡ ನಿಲ್ಲುತ್ತೀರಾ ಅಂತ ಕೇಳಿದರು. ಗುಂಪಿನಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಒಳಗೆ ಬಿಟ್ಟರು. ಆದರೆ ಕೋಟೆಯೊಳಗೆ ಎಲ್ಲೂ ನೀರು ಮುಟ್ಟದಂತೆ ನೋಡಿಕೊಳ್ಳಲು ಆಯುಧ ಹಿಡಿದ ಸಿಪಾಯಿಯೊಬ್ಬ ಜೊತೆಗೇ ಬಂದ.

ಇದನ್ನು ಅವರೇ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಬರೆದಿಟ್ಟಿದ್ದಾರೆ. ಬರೆಯುವಾಗ ಒಂದು ಸಣ್ಣ ವಿವರವನ್ನೂ ಸೇರಿಸುತ್ತಾರೆ: ಅದು ರಂಜಾನ್ ತಿಂಗಳು.

ಈ ಒಂದು ವಿವರ ಬಹಳ ವರ್ಷಗಳಿಂದ ನನ್ನ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿದೆ. ಆ ಮುದುಕ ಅಂದು ಉಪವಾಸ ಇದ್ದನೋ ಇಲ್ಲವೋ ಬರಹದಲ್ಲಿಲ್ಲ. ಇದ್ದಿರಬೇಕು ಅಂತ ನನ್ನ ಊಹೆ. ಇದ್ದಿದ್ದರೆ ಅವನ ತುಟಿಯೂ ಒಣಗಿತ್ತು. ಬೆಳಗಿನಿಂದ ಒಂದು ತೊಟ್ಟು ನೀರು ಗಂಟಲಿಗೆ ಇಳಿದಿರಲಿಲ್ಲ. ಬಾಯಾರಿಕೆ ಅಂದರೇನು ಅಂತ ಆ ಹೊತ್ತಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗೆ ಬಲ್ಲವನೇ ಇನ್ನೊಬ್ಬರ ಕೈಯಿಂದ ನೀರನ್ನು ಕಾಯಲು ಓಡಿ ಬಂದ. ಹಾಗಾದರೆ ಅವನ ಉಪವಾಸ ಅವನಿಗೆ ಕಲಿಸಿದ್ದಾದರೂ ಏನು?

*

ಗೆಳೆಯರೇ, ಸಿಟ್ಟಿನಲ್ಲಿ ಉತ್ತರ ಹೇಳುವುದು ಸುಲಭ. ಎಲ್ಲ ಧರ್ಮವೂ ಅಷ್ಟೇ, ಎಲ್ಲ ಉಪವಾಸವೂ ಸೋಗು ಅಂತ ಕೈ ತೊಳೆದುಕೊಳ್ಳಬಹುದು. ನಾನೂ ಕಾಲೇಜಿನ ದಿನಗಳಲ್ಲಿ ಹಾಗೇ ಮಾತಾಡಿದವನು. ಆದರೆ ಒಂದು ಆಚರಣೆಯನ್ನು ಅದರ ಮಾತಿನಿಂದಲೇ ವಿಚಾರಣೆ ಮಾಡಬೇಕಾದರೆ ಮೊದಲು ಅದು ಏನು ಹೇಳುತ್ತದೆ ಅಂತ ಕಿವಿಗೊಟ್ಟು ಕೇಳಬೇಕು.

ರೋಜಾ ಮುಸಲ್ಮಾನರಿಗೆ ಕಡ್ಡಾಯವಾದದ್ದು ಹಿಜರಿ ಎರಡನೇ ವರ್ಷ, ಅಂದರೆ 624ರಲ್ಲಿ, ಮದೀನಾದಲ್ಲಿ. ಬೆಳಕು ಹರಿಯುವ ಮೊದಲಿನಿಂದ ಹೊತ್ತು ಮುಳುಗುವ ತನಕ ಅನ್ನ ಇಲ್ಲ, ನೀರಿಲ್ಲ, ಬೀಡಿ ಇಲ್ಲ, ಗಂಡ ಹೆಂಡಿರ ಸಂಗವೂ ಇಲ್ಲ. ಕುರಾನಿನ ಎರಡನೇ ಅಧ್ಯಾಯದ 183ನೇ ವಚನದಿಂದ 187ರವರೆಗೆ ಇದರ ಮಾತು ಬರುತ್ತದೆ. ಅಲ್ಲಿ ಹೇಳಿರುವ ಗುರಿಗೆ 'ತಖ್ವಾ' ಅಂತ ಹೆಸರು. ಭಯಭಕ್ತಿ ಅಂತ ಇದನ್ನು ಅನುವಾದಿಸುವವರಿದ್ದಾರೆ. ಆದರೆ ಆ ಅರಬ್ಬಿ ಪದದ ಬೇರಿನಲ್ಲಿ ಕಾಪಾಡಿಕೊಳ್ಳುವುದು ಎಂಬ ಅರ್ಥವಿದೆ. ಮುಳ್ಳಿನ ದಾರಿಯಲ್ಲಿ ಬಟ್ಟೆ ಎತ್ತಿ ಹಿಡಿದು ನೋಡಿ ನೋಡಿ ಹೆಜ್ಜೆ ಇಡುತ್ತೀವಲ್ಲ, ಅಂಥ ಎಚ್ಚರ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ಆಮೇಲೆ ಹಿಡಿಯಲು ಬಿಡುವು ಇದೆ. ಕಷ್ಟ ಕೊಡುವುದು ದೇವರ ಉದ್ದೇಶವಲ್ಲ ಅನ್ನೋ ಮಾತೂ ಅಲ್ಲೇ ಬರುತ್ತದೆ.

ಒಂದು ವಿಷಯ ಗಮನಿಸಿ. ಕಳ್ಳತನ, ಸುಳ್ಳು, ಹಾದರ ಇವು ವರ್ಷವೆಲ್ಲ ನಿಷಿದ್ಧವೇ. ರಂಜಾನಿನಲ್ಲಿ ಹೊಸದಾಗಿ ನಿಷಿದ್ಧವಾಗುವುದು ತನಗೆ ಹಕ್ಕಿರುವ ವಸ್ತು. ತನ್ನ ಮನೆಯ ಅನ್ನ, ತಾನೇ ಸೇದಿ ತಂದ ನೀರು. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಯಾರೂ ಇಲ್ಲ, ಮೂಲೆಯಲ್ಲಿ ಮಣ್ಣಿನ ಮಡಕೆ ತಣ್ಣಗೆ ಬೆವರುತ್ತಿದೆ. ಒಂದು ಲೋಟ ಎತ್ತಿ ಕುಡಿದರೆ ಕಂಡವರಿಲ್ಲ, ಕೇಳುವವರಿಲ್ಲ. ಆದರೂ ಕೈ ಮುಂದೆ ಹೋಗುವುದಿಲ್ಲ. ನಮಾಜನ್ನು ನಾಲ್ಕು ಜನ ನೋಡುತ್ತಾರೆ, ಹಜ್ಜಿಗೆ ಹೋಗಿ ಬಂದದ್ದು ಊರಿಗೇ ಗೊತ್ತಾಗುತ್ತದೆ. ಉಪವಾಸ ಹಾಗಲ್ಲ, ಅದು ಮನುಷ್ಯ ಮತ್ತು ಅವನ ದೇವರ ನಡುವಿನ ಗುಟ್ಟು ಅಂತ ಮುಸ್ಲಿಂ ಅನುಭಾವಿಗಳು ಹೇಳುತ್ತಾ ಬಂದಿದ್ದಾರೆ. 1111ರಲ್ಲಿ ತೀರಿಕೊಂಡ ಇಮಾಮ್ ಘಜಾಲಿ ಉಪವಾಸಕ್ಕೆ ಮೂರು ಮೆಟ್ಟಿಲು ಹೇಳಿದ. ಹೊಟ್ಟೆಯ ಉಪವಾಸ ಮೊದಲನೆಯದು. ಕಣ್ಣು, ಕಿವಿ, ನಾಲಗೆ, ಕೈಕಾಲುಗಳ ಉಪವಾಸ ಎರಡನೆಯದು. ಮನಸ್ಸೇ ಲೋಕದ ಆಸೆಗಳಿಂದ ಉಪವಾಸ ಇರುವುದು ಮೂರನೆಯದು. ಹಗಲೆಲ್ಲ ಹಸಿದು ರಾತ್ರಿ ಎರಡರಷ್ಟು ತಿನ್ನುವವರನ್ನು ಅವನೂ ಗದರಿಸಿದ್ದಾನೆ. ಅಂದರೆ ಇಫ್ತಾರಿನ ಆಡಂಬರ ಇವತ್ತಿನ ರಾಜಕಾರಣಿಗಳು ಕಂಡುಹಿಡಿದದ್ದಲ್ಲ, ಅದು ಒಂಬೈನೂರು ವರ್ಷಕ್ಕೂ ಹಳೆಯ ರೋಗ!

ಇನ್ನೊಂದು ವಿಷಯವೂ ನನಗೆ ಇಷ್ಟ. ಇದು ಚಂದ್ರನ ಲೆಕ್ಕದ ತಿಂಗಳು. ವರ್ಷ ವರ್ಷವೂ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಸುಮಾರು ಮೂವತ್ಮೂರು ವರ್ಷಕ್ಕೆ ಒಂದು ಸುತ್ತು. ರಾಯಚೂರಿನ ಮೇ ತಿಂಗಳ ಬಿಸಿಲೂ, ಡಿಸೆಂಬರಿನ ಸಣ್ಣ ಹಗಲೂ ಬದುಕಿದವರಿಗೆಲ್ಲ ಸರದಿಯ ಮೇಲೆ ಬರುತ್ತವೆ. ಕಷ್ಟದ ಕಾಲ ಒಬ್ಬರ ಹಣೆಗೇ ಕಾಯಂ ಆಗುವುದಿಲ್ಲ. ಜಾತಿಯಲ್ಲಿ ಹಾಗಿಲ್ಲ. ಅಲ್ಲಿ ಬಿಸಿಲು ಯಾವಾಗಲೂ ಒಂದೇ ಕೇರಿಯ ಮೇಲೆ.

*

ಇಷ್ಟು ಒಪ್ಪಿದ ಮೇಲೂ ನನ್ನೊಳಗಿನ ತಕರಾರು ಸುಮ್ಮನಾಗುವುದಿಲ್ಲ.

ಬಡವರ ಹಸಿವು ಉಳ್ಳವರಿಗೆ ಗೊತ್ತಾಗಲಿ ಅಂತ ರೋಜಾ ಇದೆ ಎಂದು ಪ್ರವಚನಗಳಲ್ಲಿ ಹೇಳುತ್ತಾರೆ. ಒಳ್ಳೆಯ ಮಾತು, ಆದರೆ ಅರ್ಧ ಮಾತು. ನಮ್ಮವ್ವ ಕೂಲಿಯಿಂದ ಬಂದು ಒಲೆ ಹಚ್ಚಿ, ಇದ್ದ ಎರಡು ಮುದ್ದೆಯನ್ನು ನಾವು ಮೂರು ಮಕ್ಕಳಿಗೆ ಮುರಿದು ಹಾಕಿ, "ನಂಗೆ ಹಸಿವಿಲ್ಲ ಕಣ್ರಪ್ಪ, ಗೌಡ್ರ ಹೊಲ್ದಾಗೆ ಉಂಡ್ಕಂಡೇ ಬಂದೆ" ಅನ್ನುತ್ತಿದ್ದಳು. ಅವಳು ಉಂಡಿರಲಿಲ್ಲ ಅಂತ ನಮಗೆ ಗೊತ್ತಾದದ್ದು ನಾವು ದೊಡ್ಡವರಾದ ಮೇಲೆ. ಅವ್ವನ ಉಪವಾಸಕ್ಕೆ ಬೆಳಗಿನ ಸಹರಿ ಇರಲಿಲ್ಲ, ಸಂಜೆಯ ಖರ್ಜೂರ ಇರಲಿಲ್ಲ, ಕೊನೆಯಲ್ಲಿ ಹಬ್ಬ ಇರಲಿಲ್ಲ. ಆರಿಸಿಕೊಂಡ ಹಸಿವಿಗೆ ಹೊತ್ತು ಮುಳುಗುತ್ತದೆ. ಹೇರಿದ ಹಸಿವಿಗೆ ಹೊತ್ತು ಮುಳುಗಿದರೆ ರಾತ್ರಿ ಬರುತ್ತದೆ, ಅಷ್ಟೆ. ಬಡವನಿಗೆ ಗೊತ್ತಿರುವುದು ಹೊಟ್ಟೆಯ ಉರಿ ಮಾತ್ರ ಅಲ್ಲ. ಸಂಜೆಗೂ ಇಲ್ಲ, ನಾಳೆಗೂ ಇಲ್ಲ ಅನ್ನುವ ದಿಗಿಲು ಗೊತ್ತು. ಉಗ್ರಾಣ ತುಂಬಿದ ಮನೆಯವನು ಮೂವತ್ತಲ್ಲ ಮುನ್ನೂರು ದಿನ ಉಪವಾಸ ಮಾಡಿದರೂ ಆ ದಿಗಿಲು ಅವನಿಗೆ ಸಿಗಲಾರದು.

ಹಾಗಾದರೆ ಮೊದಲೇ ಹಸಿದವನಿಗೆ ಉಪವಾಸ ಯಾಕೆ ಬೇಕು? ಈ ಪ್ರಶ್ನೆಯನ್ನು ನಾನು ಒಮ್ಮೆ ತುಮಕೂರಿನ ಕಡೆಯ ಒಬ್ಬ ಬೀಡಿ ಕಟ್ಟುವ ಮುದುಕನಿಗೆ ಕೇಳಿದೆ. "ಭಾಯ್, ವರ್ಷವೆಲ್ಲ ಅರ್ಧ ಹೊಟ್ಟೇಲೇ ಇರ್ತೀರಿ. ಮತ್ತೆ ಇದೊಂದು ತಿಂಗಳು ಯಾಕೆ?" ಅವನು ಎಲೆ ಕತ್ತರಿಸುವುದು ನಿಲ್ಲಿಸದೇ ಹೇಳಿದ: "ಮೇಷ್ಟ್ರೇ, ಬಾಕಿ ತಿಂಗಳು ನಾನು ಹಸ್ಕೊಂಡಿದ್ರೆ ಅದು ಕಂಟ್ರಾಕ್ಟರ್ ಮಾಡಿದ್ದು. ಈ ತಿಂಗಳದು ನಾನು ಮಾಡಿದ್ದು."

ನಾನು ಸುಮ್ಮನಾದೆ. ರೋಜಾಕ್ಕೆ 'ನಿಯ್ಯತ್' ಬೇಕು, ಅಂದರೆ ಮನಸ್ಸಿನ ಸಂಕಲ್ಪ. ಸಂಕಲ್ಪ ಇಲ್ಲದೆ ಹಸಿದಿದ್ದರೆ ಅದು ರೋಜಾ ಆಗುವುದಿಲ್ಲ. ವರ್ಷವಿಡೀ ಯಾರ್ಯಾರೋ ತನ್ನ ಹೊಟ್ಟೆಯ ಮೇಲೆ ಅಧಿಕಾರ ನಡೆಸುವಾಗ, ಒಂದು ತಿಂಗಳಾದರೂ ಇದು ನನ್ನ ದೇಹ, ಇದರ ಯಜಮಾನ ನಾನು ಅಂತ ಹೇಳಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ಇಷ್ಟಕ್ಕೇ ಹಿಗ್ಗಬಾರದು. ತಿಂಗಳು ಕಳೆದ ಮೇಲೆ ಅವನ ಹಸಿವು ಮತ್ತೆ ಕಂಟ್ರಾಕ್ಟರನ ಕೈಗೇ ಹೋಗುತ್ತದೆ. ಆ ಕಂಟ್ರಾಕ್ಟರನೂ ರೋಜಾ ಹಿಡಿಯುವವನೇ ಆಗಿದ್ದರೆ? ಪ್ರಶ್ನೆ ಮತ್ತೆ ಕೊಳದ ದಂಡೆಗೇ ಬಂದು ನಿಲ್ಲುತ್ತದೆ.

*

ಇಲ್ಲಿ ನಾನು ಕುರಾನಿನ ಆ ಪುಟಕ್ಕೆ ವಾಪಸು ಹೋಗುತ್ತೇನೆ. ಉಪವಾಸದ ಮಾತು 187ನೇ ವಚನಕ್ಕೆ ಮುಗಿಯುತ್ತದೆ. ಅದರ ಬೆನ್ನಿಗೇ ಬರುವ 188ನೇ ವಚನ ಏನು ಹೇಳುತ್ತದೆ ಗೊತ್ತೇ? ಒಬ್ಬರ ಆಸ್ತಿಯನ್ನು ಒಬ್ಬರು ಅನ್ಯಾಯವಾಗಿ ತಿನ್ನಬಾರದು, ಅದನ್ನು ನುಂಗುವುದಕ್ಕೆ ಅಧಿಕಾರದಲ್ಲಿರುವವರ ಹತ್ತಿರ ಹೋಗಬಾರದು ಅಂತ. ಮೊದಲು ನಿನ್ನ ಅನ್ನವನ್ನೇ ತಿನ್ನದಿರಲು ಕಲಿ, ಆಮೇಲೆ ಇನ್ನೊಬ್ಬನದನ್ನು ತಿನ್ನದಿರುವುದು ಎಂಬ ಪಾಠ ಅಂತ ನಾನು ಓದಿಕೊಳ್ಳುತ್ತೇನೆ. ಮೊದಲನೆಯದು ತಾಲೀಮು, ಎರಡನೆಯದು ಕುಸ್ತಿ. ತಾಲೀಮು ಮಾಡಿ ಮಾಡಿ ಕಣಕ್ಕೇ ಇಳಿಯದ ಪೈಲ್ವಾನರು ಎಲ್ಲ ಧರ್ಮದಲ್ಲೂ ತುಂಬಿದ್ದಾರೆ.

ಇಸ್ಲಾಮಿನ ಕಾನೂನಿನಲ್ಲಿ ಇನ್ನೊಂದು ಲೆಕ್ಕವಿದೆ. ಮುಪ್ಪಿನಿಂದಲೋ ವಾಸಿಯಾಗದ ಕಾಯಿಲೆಯಿಂದಲೋ ಉಪವಾಸ ಮಾಡಲಾರದವನು ಒಂದೊಂದು ದಿನಕ್ಕೂ ಒಬ್ಬ ಬಡವನಿಗೆ ಊಟ ಹಾಕಬೇಕು. ನನ್ನ ಒಂದು ದಿನದ ಹಸಿವಿಗೆ ಸಮ ಯಾವುದು? ಇನ್ನೊಬ್ಬನ ಒಂದು ದಿನದ ಅನ್ನ. ಹಬ್ಬದ ನಮಾಜಿಗೆ ಮುಂಚೆ ಮನೆಯ ಒಬ್ಬೊಬ್ಬರ ಲೆಕ್ಕದಲ್ಲೂ, ಹಸುಗೂಸಿನ ಲೆಕ್ಕದಲ್ಲೂ ಸೇರಿಸಿ, ಎರಡೂವರೆ ಮೂರು ಕಿಲೋದಷ್ಟು ಧಾನ್ಯ ಬಡವರಿಗೆ ಸೇರಬೇಕು, ಇದು ಫಿತ್ರಾ. ಇದಲ್ಲದೆ ಉಳಿತಾಯದಲ್ಲಿ ವರ್ಷಕ್ಕೆ ನಲವತ್ತರಲ್ಲೊಂದು ಪಾಲು ಜಕಾತ್. ಇನ್ನು ಹಗಲಲ್ಲಿ ಹೆಂಡತಿಯ ಸಂಗ ಮಾಡಿ ಬೇಕಂತಲೇ ಉಪವಾಸ ಮುರಿದವನಿಗೆ ಹೇಳಿರುವ ಪ್ರಾಯಶ್ಚಿತ್ತ ನೋಡಿ. ಮೊದಲನೆಯದು, ಒಬ್ಬ ಗುಲಾಮನನ್ನು ಬಿಡುಗಡೆ ಮಾಡು. ಅದು ಆಗದಿದ್ದರೆ ಎರಡು ತಿಂಗಳು ಎಡೆಬಿಡದೆ ಉಪವಾಸ ಮಾಡು. ಅದೂ ಆಗದಿದ್ದರೆ ಅರವತ್ತು ಜನ ಬಡವರಿಗೆ ಊಟ ಹಾಕು.

ಹೀಗೆ ತಪ್ಪು ಮಾಡಿದ ಒಬ್ಬ ಬಡವ ಪ್ರವಾದಿಯ ಹತ್ತಿರ ಬಂದ ಕತೆ ಹದೀಸಿನಲ್ಲಿದೆ. ಬಿಡಿಸಲು ಗುಲಾಮನಿಲ್ಲ, ಎರಡು ತಿಂಗಳ ಶಕ್ತಿಯಿಲ್ಲ, ಅರವತ್ತು ಜನಕ್ಕೆ ಹಾಕಲು ಅನ್ನವಿಲ್ಲ. ಅಷ್ಟರಲ್ಲಿ ಯಾರೋ ಒಂದು ಬುಟ್ಟಿ ಖರ್ಜೂರ ತಂದರು. ಪ್ರವಾದಿ ಅದನ್ನು ಅವನಿಗೆ ಕೊಟ್ಟು, ಬಡವರಿಗೆ ಹಂಚು ಅಂದರು. ಈ ಮದೀನಾದಲ್ಲಿ ನಮಗಿಂತ ಬಡವರು ಇನ್ಯಾರಿದ್ದಾರೆ ಅಂತ ಅವನು ಕೇಳಿದ. ಪ್ರವಾದಿ ನಕ್ಕುಬಿಟ್ಟರು. ಹೋಗು, ನಿನ್ನ ಮನೆಯವರಿಗೇ ತಿನ್ನಿಸು ಅಂದರು. ದಂಡ ಕೊಡಬೇಕಾದವನು ಬುಟ್ಟಿ ಹೊತ್ತುಕೊಂಡು ಮನೆಗೆ ಹೋದ! ಹಸಿದವನ ಮುಂದೆ ಶಾಸ್ತ್ರ ಹೇಗೆ ನಡೆದುಕೊಳ್ಳಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕತೆ ನನಗೆ ಗೊತ್ತಿಲ್ಲ.

ಇದರ ಪಕ್ಕಕ್ಕೆ ಇನ್ನೊಂದು ಕತೆ ಇಡಬೇಕು. ಒಂಬತ್ತನೇ ಶತಮಾನದ ಸ್ಪೇನಿನಲ್ಲಿ, ಆಗ ಅದು ಅಂದಲೂಸ್, ಎರಡನೇ ಅಬ್ದುಲ್ ರಹಮಾನ್ ಅನ್ನೋ ದೊರೆ ರಂಜಾನಿನ ಹಗಲಲ್ಲಿ ಇದೇ ತಪ್ಪು ಮಾಡಿದನಂತೆ. ಯಾಹ್ಯಾ ಎಂಬ ದೊಡ್ಡ ಪಂಡಿತ, ನೀನು ಎರಡು ತಿಂಗಳು ಉಪವಾಸವನ್ನೇ ಮಾಡಬೇಕು ಅಂತ ತೀರ್ಪು ಕೊಟ್ಟ. ಗುಲಾಮನ ಬಿಡುಗಡೆಯ ದಾರಿ ಯಾಕೆ ಹೇಳಲಿಲ್ಲ ಅಂತ ಉಳಿದವರು ಕೇಳಿದರೆ, ದೊರೆಗೆ ಗುಲಾಮರಿಗೇನು ಬರ, ಆ ದಾರಿ ತೆರೆದರೆ ದಿನಾ ತಪ್ಪು ಮಾಡಿ ದಿನಾ ಒಬ್ಬನನ್ನು ಬಿಡುತ್ತಾನೆ ಅಂದನಂತೆ. ಮೊದಲ ಸಲ ಓದಿದಾಗ ನಾನು ಭಲೇ ಅಂದುಕೊಂಡೆ. ದುಡ್ಡಿನಿಂದ ಪಾಪ ಕೊಂಡುಕೊಳ್ಳುವ ದೊರೆಯ ಹೊಟ್ಟೆಗೆ ಸರಿಯಾದ ಪೆಟ್ಟು!

ಆಮೇಲೆ ಯೋಚನೆ ಬಂತು. ಆ ಅರಮನೆಯ ಕುದುರೆ ಲಾಯದಲ್ಲಿ ಒಬ್ಬ ಗುಲಾಮ ಇದ್ದಿರಬೇಕಲ್ಲವಾ? ಅವನ ಕಡೆಯಿಂದ ಈ ತೀರ್ಪನ್ನು ಕೇಳಿ ನೋಡಿ. ದೊರೆಯ ಆತ್ಮಶುದ್ಧಿಗೆ ಎರಡು ತಿಂಗಳ ಉಪವಾಸ ಸಿಕ್ಕಿತು. ಇವನಿಗೆ ಸಿಗಬಹುದಾಗಿದ್ದ ಬಿಡುಗಡೆ ತಪ್ಪಿಹೋಯಿತು. ದೊರೆ ದಿನಾ ತಪ್ಪು ಮಾಡಿ ದಿನಾ ಒಬ್ಬನನ್ನು ಬಿಟ್ಟಿದ್ದರೆ ನಮಗೇನು ನಷ್ಟವಾಗುತ್ತಿತ್ತು? ಮುಂದೆ ಘಜಾಲಿಯಂಥ ಶಾಸ್ತ್ರಕಾರರು, ಮೂಲದಲ್ಲಿರುವ ಕ್ರಮವನ್ನು ಮೀರಿದ ಇಂಥ ತೀರ್ಪು ಸಲ್ಲದು ಅಂದರು. ಅವರ ಕಾರಣ ಶಾಸ್ತ್ರದ್ದು. ನಮ್ಮ ಕಾರಣ ಲಾಯದಲ್ಲಿ ನಿಂತವನದು. ಪಟ್ಟಿಯಲ್ಲಿ ಮೊದಲು ಬರೆದದ್ದು ಇನ್ನೊಬ್ಬನ ಬಿಡುಗಡೆ, ಆಮೇಲೆ ನನ್ನ ಹಸಿವು. ಈ ಕ್ರಮವನ್ನು ತಿರುವು ಮುರುವು ಮಾಡಿದರೆ ಉಪವಾಸ ನನ್ನ ಆತ್ಮಕ್ಕೆ ಸಾಬೂನು ಆಗುತ್ತದೆಯೇ ಹೊರತು ಯಾರ ಕಾಲಿನ ಸಂಕೋಲೆಯೂ ಕಳಚುವುದಿಲ್ಲ.

ಕಳಚಲೂ ಇಲ್ಲ. ಇದನ್ನು ಮುಚ್ಚಿಡಬಾರದು. ಪ್ರಾಯಶ್ಚಿತ್ತದಲ್ಲಿ ಬಿಡುಗಡೆ ಹೇಳಿದ ಕಾನೂನು ಗುಲಾಮಗಿರಿಯನ್ನೇ ಕಿತ್ತು ಹಾಕಲಿಲ್ಲ. ಅದು ಬಾಗಿಲು ತೋರಿಸಿತು, ಉಳ್ಳವರು ಬಾಗಿಲಿಗೆ ಅಡ್ಡ ನಿಂತರು. ಸೌದಿ ಅರೇಬಿಯಾದಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1962ರಲ್ಲಿ, ಮಾರಿಟಾನಿಯಾದಲ್ಲಿ 1981ರಲ್ಲಿ. ಹದಿಮೂರು ಶತಮಾನ ರಂಜಾನ್ ಬಂತು, ಹೋಯಿತು. ಆದರೆ ನಾವು ಮೂಗು ಮೇಲೆತ್ತಿ ಮಾತಾಡುವ ಹಾಗಿಲ್ಲ. ಈ ದೇಶದಲ್ಲಿ ಜೀತ ರದ್ದಾದ ಕಾಯಿದೆ ಬಂದದ್ದು 1976ರಲ್ಲಿ. ಏಕಾದಶಿ, ಶಿವರಾತ್ರಿಗೆ ತಪ್ಪದೆ ಉಪವಾಸ ಇದ್ದ ಧಣಿಗಳ ಹಟ್ಟಿಯಲ್ಲೇ ನಮ್ಮ ಅಪ್ಪ, ದೊಡ್ಡಪ್ಪಂದಿರು ಜೀತಕ್ಕಿದ್ದರು.

*

ಉಪವಾಸ ಅಂದಾಗ ನಮ್ಮವರಿಗೆ 1932 ನೆನಪಾಗದೆ ಇರದು. ಅಸ್ಪೃಶ್ಯರಿಗೆ ಸಿಕ್ಕಿದ್ದ ಪ್ರತ್ಯೇಕ ಮತಕ್ಷೇತ್ರದ ವಿರುದ್ಧ ಗಾಂಧೀಜಿ ಸೆಪ್ಟೆಂಬರ್ 20ರಂದು ಯರವಾಡ ಜೈಲಿನಲ್ಲಿ ಆಮರಣ ಉಪವಾಸ ಹಿಡಿದರು. 24ಕ್ಕೆ ಪೂನಾ ಒಪ್ಪಂದ. ಹಸಿದವರು ಅವರು, ಬಿಟ್ಟುಕೊಡಬೇಕಾಗಿ ಬಂದವರು ನಾವು. ಗಾಂಧೀಜಿಯ ಮನಸ್ಸಿನ ಶುದ್ಧಿಯ ಲೆಕ್ಕ ನಾನು ಹಾಕುತ್ತಿಲ್ಲ. ಉಪವಾಸದ ಭಾರ ಯಾರ ಕುತ್ತಿಗೆಯ ಮೇಲೆ ಬೀಳುತ್ತದೆ ಅಂತ ನೋಡುವುದನ್ನು ಆ ನಾಲ್ಕು ದಿನ ನಮಗೆ ಕಲಿಸಿತು ಅನ್ನುತ್ತೇನೆ. ರೋಜಾದ ಅರ್ಥ ಸರಿಯಾಗಿದ್ದರೆ ಅದರ ಭಾರ ಹಿಡಿದವನ ಮೇಲೇ ಬೀಳಬೇಕು. ಅದರಿಂದ ಇನ್ನೊಬ್ಬನ ಭಾರ ಇಳಿಯಬೇಕು.

ಆದರೆ ರೋಜಾ ಇರುವ ಮನೆಯಲ್ಲೂ ಭಾರ ಸಮವಾಗಿ ಹಂಚಿಲ್ಲ. ಸಹರಿಗೆ ಮೂರು ಗಂಟೆಗೇ ಎದ್ದು ಒಲೆ ಹಚ್ಚುವವಳು ಹೆಂಗಸು. ಹಗಲೆಲ್ಲ ತಾನೂ ಹಸಿದು, ಸಂಜೆ ಎಲ್ಲರ ಇಫ್ತಾರಿಗೆ ಹೊಗೆಯಲ್ಲಿ ಬೇಯುವವಳೂ ಅವಳೇ. ಗಂಡಸರು ಮಸೀದಿಯಿಂದ ಬಂದು ಕೂರುವ ಹೊತ್ತಿಗೆ ತಟ್ಟೆ ಸಿದ್ಧವಿರಬೇಕು. ಬಸುರಿ, ಬಾಣಂತಿಯರಿಗೆ ಕಾನೂನು ಬಿಡುವು ಕೊಟ್ಟಿದೆ. ಒಲೆಯಿಂದ ಬಿಡುವು ಕೊಟ್ಟವರನ್ನು ನಾನು ಕಂಡಿಲ್ಲ. ನಮ್ಮ ಮನೆಗಳ ಶ್ರಾವಣ ಶನಿವಾರವೂ ಇದಕ್ಕಿಂತ ಬೇರೆಯಲ್ಲ.

ಅಂಥ ಒಬ್ಬ ಹೆಂಗಸಿನಿಂದಲೇ ರೋಜಾದ ಅರ್ಥ ನನಗೆ ತಿಳಿದದ್ದು. ನಾನು ಮೂರನೇ ಕ್ಲಾಸಿನಲ್ಲಿದ್ದೆ. ನಮ್ಮ ಶಾಲೆಯಲ್ಲಿ ನೀರಿನ ಹಂಡೆ ಇತ್ತು, ನಾವು ಮುಟ್ಟುವ ಹಾಗಿರಲಿಲ್ಲ. ಬೇರೆ ಹುಡುಗರು ಮನಸ್ಸು ಬಂದರೆ ಬೊಗಸೆಗೆ ಹುಯ್ಯುತ್ತಿದ್ದರು. ಒಂದು ಬೇಸಿಗೆಯ ದಿನ ಯಾರೂ ಹುಯ್ಯಲಿಲ್ಲ. ಸಾಬರ ಕೇರಿ ಹಾದು ಮನೆಗೆ ಓಡುವಾಗ ಜಗುಲಿಯ ಮೇಲೆ ಬೀಡಿ ಕಟ್ಟುತ್ತಿದ್ದ ಬೂಬಮ್ಮ ಕರೆದಳು. ಅವಳ ತುಟಿ ಬಿರಿದಿತ್ತು. ಒಳಗೆ ಹೋಗಿ ತಾನು ಕುಡಿಯುವ ಲೋಟದಲ್ಲೇ ನೀರು ತಂದು ಕೈಗೆ ಕೊಟ್ಟಳು. ಲೋಟ ಮುಟ್ಟಲು ನನಗೆ ಹೆದರಿಕೆ.

"ಕುಡಿಯೋ ಮಗಾ, ಯಾಕೆ ನಿಂತೆ?"

ಗಟಗಟ ಕುಡಿದೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು.

"ಬೂಬಮ್ಮ, ನೀನು ಕುಡಿಯಲ್ವಾ?"

"ರೋಜಾ ನಂದು. ನಿಂದಲ್ವಲ್ಲ."

*

ಆ ಮಾತು ಅಂದು ನನಗೆ ಅರ್ಥವಾಗಲಿಲ್ಲ. ದೌಲತಾಬಾದಿನ ಕತೆ ಓದಿದ ದಿನ ಅರ್ಥವಾಯಿತು. ಬೂಬಮ್ಮ ನೀರಿನ ನಿಷೇಧವನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡಿದ್ದಳು, ನನ್ನ ಗಂಟಲಿಗೆ ನೀರು ಕೊಟ್ಟಳು. ಕೊಳದ ಮುದುಕ ತನ್ನ ಗಂಟಲ ಮೇಲಿದ್ದ ನಿಷೇಧವನ್ನು ಇನ್ನೊಬ್ಬರ ಗಂಟಲಿಗೆ ವರ್ಗಾಯಿಸಲು ಹೋದ. ಅವನ ಹೊಟ್ಟೆ ಉಪವಾಸವಿತ್ತು, ಜಾತಿ ಮಾತ್ರ ಹೊಟ್ಟೆ ತುಂಬ ಉಂಡಿತ್ತು. ಸುಳ್ಳು ಮಾತು, ಸುಳ್ಳು ನಡತೆ ಬಿಡದವನು ಅನ್ನ ನೀರು ಬಿಡುವುದು ದೇವರಿಗೆ ಬೇಕಿಲ್ಲ ಅಂತ ಪ್ರವಾದಿ ಹೇಳಿದ್ದಾಗಿ ಹದೀಸಿನಲ್ಲಿದೆ. ಮನುಷ್ಯರು ಮುಟ್ಟಿದರೆ ನೀರು ಕೆಡುತ್ತದೆ ಅನ್ನುವುದಕ್ಕಿಂತ ದೊಡ್ಡ ಸುಳ್ಳು ಯಾವುದಿದೆ?

ಆ ಸುಳ್ಳನ್ನು ಮುದುಕ ಅರಬ್ಬಿ ಮರಳುಗಾಡಿನಿಂದ ತಂದದ್ದಲ್ಲ. ಇದೇ ಮಣ್ಣಿನಲ್ಲಿ ಕಲಿತದ್ದು. ಅದಕ್ಕೆ ಏಳು ವರ್ಷ ಮುಂಚೆ, 1927ರಲ್ಲಿ, ಮಹಾಡದ ಚವದಾರ್ ಕೆರೆಯ ನೀರು ಕುಡಿದರು ಅಂತ ನಮ್ಮವರ ತಲೆ ಒಡೆದವರು ಹಿಂದೂಗಳು. ಆದ್ದರಿಂದ ಈ ಕತೆಯನ್ನು ಎತ್ತಿಕೊಂಡು ಮುಸ್ಲಿಮರ ಮೇಲೆ ಕಲ್ಲು ಬೀರಲು ಹೊರಡುವವರು ಮೊದಲು ತಮ್ಮ ಬಾವಿಯ ಹಗ್ಗ ಯಾರ ಕೈಯಲ್ಲಿದೆ ನೋಡಿಕೊಳ್ಳಲಿ. ಮುಸ್ಲಿಂ ಗೆಳೆಯರೂ ನಮ್ಮಲ್ಲಿ ಜಾತಿ ಇಲ್ಲ ಅಂತ ಬಾಯಿ ಮಾತಿನಲ್ಲಿ ಮುಗಿಸದೆ, ಅಂಬೇಡ್ಕರ್ ಆ ದಿನ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಾಕಿ ಇದೆ ಅಂತ ನೆನಪಿಟ್ಟುಕೊಳ್ಳಲಿ.

ನನಗೆ ರೋಜಾ ಇಲ್ಲ. ನಮ್ಮ ಕೇರಿ ಉಪವಾಸವನ್ನು ಬೇಕಾದಷ್ಟು ಮಾಡಿದೆ. ಆದರೂ ಪ್ರತಿ ರಂಜಾನಿನಲ್ಲಿ ಬೂಬಮ್ಮನ ಮಾತನ್ನು ನೆನೆಯುತ್ತೇನೆ. ನಾನು ಈಗ ಮೇಷ್ಟ್ರು. ಹೊಸ ಶಾಲೆಗೆ ವರ್ಗವಾಗಿ ಹೋದಾಗ ಮೊದಲ ದಿನ ಹಾಜರಿ ಪುಸ್ತಕ ತೆರೆಯುವ ಮೊದಲು ಕುಡಿಯುವ ನೀರಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಯಾವ ಮಗು ತಾನೇ ಲೋಟ ಎತ್ತಿ ಕುಡಿಯುತ್ತದೆ, ಯಾವ ಮಗು ಬೊಗಸೆ ಒಡ್ಡಿ ಕಾಯುತ್ತದೆ ಅಂತ ನೋಡುತ್ತೇನೆ. ಬೊಗಸೆ ಒಡ್ಡಿದ ಮಗು ಕಂಡರೆ ಆ ದಿನದ ಪಾಠ ಅಲ್ಲಿಂದಲೇ ಶುರು.

ನೀವೂ ನಾಳೆ ನಿಮ್ಮ ಶಾಲೆಯಲ್ಲಿ ನೋಡಿ.